ಖಾತೂನ್‌ಬಿಯ ದಾಲ್ಚಾ

ಸೋರೆಕಾಯಿಯ ಸಿಪ್ಪೆ ಹೆರೆಯುತ್ತಿದ್ದೆ. ಪಕ್ಕದ ಮನೆಯ ಅಂಜಿನಕ್ಕ ಬಾಗಿಲಲ್ಲೇ ನಿಂತು ಮೂಗು ಮುರಿದಳು.

"ಇವತ್ತೂ ದಾಲ್ಚಾನ ಏನು ಹಂಪಕ್ಕಾ? ಓಣಿ ನಾಯಿಗೂ ಬ್ಯಾಸರಾಗೇತಿ."

ಗೋಡೆಯ ಗೂಡಿನಲ್ಲಿ ಶಮಶಾದಳ ಕಾಗದ ಐದು ತಿಂಗಳಿಂದ ಕೂತಿತ್ತು.

ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಹಿಂದೆ ಅವಳ ತಾಯಿ ಖಾತೂನ್‌ಬಿಯ ಖಾನಾವಳಿ ಇತ್ತು. ಒಗ್ಗರಣೆ ಹಾಕಿದ ಬಗಾರಾ ಅನ್ನ, ಅದರ ಮೇಲೆ ಬೇಳೆ, ಸೋರೆಕಾಯಿ, ಮಾಂಸ ಕೂಡಿಸಿದ ಹುಳಿಸಾರು. ಅದೇ ದಾಲ್ಚಾ. ಹನ್ನೊಂದು ವರ್ಷ ನಾನಲ್ಲಿ ಅಕ್ಕಿ ತೊಳೆದೆ. ರಾತ್ರಿ ಶಾಲೆಯಲ್ಲಿ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಶಮಶಾದ್. ಈಗ ಸೊಲ್ಲಾಪುರದಲ್ಲಿ, ತೀರಿಹೋದ ತಾಯಿಯ ಹೆಸರಿನಲ್ಲಿ ಖಾನಾವಳಿ ತೆರೆಯಬೇಕಂತೆ. 'ಅನ್ನ ಬಂತು, ದಾಲ್ಚಾ ಬರುತ್ತಿಲ್ಲ. ಅದು ಬರದೆ ಅಮ್ಮನ ಹೆಸರು ಹಾಕುವುದಿಲ್ಲ. ನೀನು ಪಕ್ಕದಲ್ಲೇ ಇದ್ದೆ. ನಿನ್ನ ಕೈಯಿಂದಲೇ ಬರೆದು ಕಳಿಸು, ಗೋಡೆಗೆ ಅಂಟಿಸುತ್ತೇನೆ' ಎಂದು ಬರೆದಿದ್ದಳು. ಅಕ್ಷರ ಕಲಿಸಿದವಳಿಗೆ 'ನೆನಪಿಲ್ಲ' ಎಂದು ಹೇಗೆ ಬರೆಯಲಿ?

ಆ ರುಚಿ ಹುಡುಕಿಕೊಂಡು ಊರೂರು ತಿರುಗಿದ್ದೆ. ಬಸ್ಸು ಪುಕ್ಕಟೆ, ಮಂಡಿಗಳದ್ದೇ ತಕರಾರು. ಕೊಟ್ಟೂರಿನಲ್ಲಿ ಹುಣಸೆಯ ಬದಲು ಟೊಮೆಟೊ ಸುರಿದಿದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ಎಲ್ಲ ಬೋರ್ಡಿನಲ್ಲೂ ಬಿರಿಯಾನಿ. ದಾಲ್ಚಾ ಕೇಳಿದರೆ ಗಲ್ಲಾಪೆಟ್ಟಿಗೆಯ ಮುಂದೆ ಕೂತಾತ, "ಅದು ಮದಿವಿ ಮನ್ಯಾಗ ಸಿಗತೈತಿ ಬಿಡ್ರಿ ಅಮ್ಮಾ" ಎಂದ.

"ಹಂಗಾದ್ರ ನಿನ್ನ ಮದಿವಿ ಯಾವಾಗಪ್ಪಾ?" ಎಂದು ಎದ್ದು ಬಂದೆ.

ಹರಪನಹಳ್ಳಿಯಲ್ಲಿ ಶುಕ್ರವಾರ ಮಾತ್ರ ಎಂದರು. ಶುಕ್ರವಾರ ಹೋದರೆ ಆಗಲೇ ಪಾತ್ರೆ ತೊಳೆಯುತ್ತಿದ್ದರು.

"ಇನ್ನ ಹಡಗಲಿ ಒಂದು ಉಳದೈತಿ," ಎಂದು ಸೋರೆಕಾಯಿ ಅಲ್ಲೇ ಬಿಟ್ಟು ಎದ್ದೆ. ಕಾಗದವನ್ನು ಚೀಲಕ್ಕೆ ಹಾಕಿಕೊಂಡೆ.

"ನಡಿ, ನಾನೂ ಬರ್ತೀನಿ. ಒಬ್ಬಾಕಿನ್ನ ಬಿಟ್ರ ಅಲ್ಲೂ ಜಗಳ ತಗೀತಿ," ಎಂದಳು ಅಂಜಿನಕ್ಕ.

ಹಡಗಲಿಯದು ತಗಡು ಹೊದಿಸಿದ ಸಣ್ಣ ಖಾನಾವಳಿ. ಮೊದಲ ತುತ್ತಿಗೇ ಆಸೆ ಕಮರಿತು. ಹುಣಸೆ ಸರಿ, ಬೇಳೆ ಸರಿ, ಆದರೂ ಸಾರು ನೀರುನೀರು. ಸಿಟ್ಟಿನಿಂದ ತಟ್ಟೆ ದೂಡಿ ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಅಲ್ಲಿ ಅಡುಗೆಯವಳು ಅಕ್ಕಿ ತೊಳೆಯುತ್ತಿದ್ದಳು. ಮೊದಲ ನೀರು ಚೆಲ್ಲಿದಳು. ಎರಡನೆಯದಕ್ಕೆ ಬೋಗುಣಿ ಬಗ್ಗಿಸಿದಳು. ನನ್ನ ಕೈ ತಾನಾಗಿ ಹೋಗಿ ಅದನ್ನು ಹಿಡಿಯಿತು.

"ಚೆಲ್ಲಬ್ಯಾಡವ್ವಾ! ಇದು ಹುಣಸಿಹಣ್ಣಿಗೆ!"

"ಯಾರ್ರಿ ನೀವು? ಬೋಗಾಣಿ ಬಿಡ್ರಿ!" ಎಂದು ಅವಳು ಎಳೆದಳು.

ಖಾತೂನ್‌ಬಿ ಬಾಯಿಬಿಟ್ಟು ಎಂದೂ ಕೇಳಿದವಳಲ್ಲ, ಒಲೆಯ ಮುಂದಿನಿಂದ ಕೈ ಚಾಚುತ್ತಿದ್ದಳು. ಎರಡನೆಯ ನೀರನ್ನು ದಿನಾ ಕೊಡುತ್ತಿದ್ದವಳು ನಾನೇ. ಅದರಲ್ಲೇ ಹುಣಸೆ ನೆನೆಯುತ್ತಿತ್ತು, ಅದರಲ್ಲೇ ಬೇಳೆ ಬೆಂದು ಸಾರು ಮಂದವಾಗುತ್ತಿತ್ತು.

ಗದ್ದಲ ಕೇಳಿ ಹಿತ್ತಿಲಿಗೆ ಬಂದ ಅಂಜಿನಕ್ಕನಿಗೆ ಎಲ್ಲ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. "ಊರೆಲ್ಲಾ ತಿರುಗಿದಿ, ನಿನ್ನ ಕೈಯಾಗ ಇತ್ತಲ್ಲಬೇ!"

ಮನೆಗೆ ಹೋಗಿ ಬರೆಯೋಣ ಎಂದರೆ ಅಷ್ಟರಲ್ಲಿ ಮತ್ತೆ ಮರೆತೇನೆಂದು ನನ್ನ ಮೇಲೇ ನನಗೆ ನಂಬಿಕೆ ಇರಲಿಲ್ಲ. ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಬರೆದೆ. 'ಅಕ್ಕಿಯ ಮೊದಲ ನೀರು ಮೋರಿಗೆ. ಎರಡನೆಯದು ದಾಲ್ಚಾಕ್ಕೆ. ಹೆಸರು ಹಾಕು.' ಅವಳ ಕಾಗದ ನೋಡಿ ವಿಳಾಸ ಬರೆದೆ. ಡಬ್ಬಿಗೆ ಹಾಕಿದ ಮೇಲೂ, ಒಳಗೆ ಬಿತ್ತೋ ಇಲ್ಲವೋ ಎಂದು ಅದರ ಬಾಯಿಗೆ ಬೆರಳು ತೂರಿಸಿ ನೋಡಿದೆ. ಬಿದ್ದಿತ್ತು.