ಸದ್ದಿಲ್ಲದ ಚಾಕು

ಹಳೆಯ ಬಸ್ಸಿನ ಸೀಟು ಬಿಚ್ಚಿದರೆ ಏನೇನೋ ಸಿಗುತ್ತದೆ. ಬಾಚಣಿಗೆ, ಒಂಟಿ ಓಲೆ, ಯಾರದೋ ಕನ್ನಡಕದ ಕಾಲು, ಆಗೊಮ್ಮೆ ಈಗೊಮ್ಮೆ ಒಂದು ಮಡಚುವ ಚಾಕು. ಸೀಟು ಹೊಲಿಯುವ ಶೆಡ್ಡಿನಲ್ಲಿ ಎಲ್ಲರೂ ಸೀಟಕ್ಕ ಎಂದೇ ಕರೆಯುತ್ತಿದ್ದ ಹೆಂಗಸಿಗೆ ಚಾಕುಗಳ ಹುಚ್ಚು ಹಿಡಿದದ್ದು ಹೀಗೆ. ಯಾರೂ ಕೇಳಿಕೊಂಡು ಬರದ ಸಾಮಾನು ಸಿಕ್ಕವರಿಗೇ ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ. ಉಳಿದವರು ಓಲೆಗೆ ಕೈ ಚಾಚಿದರೆ ಇವಳು ತುಕ್ಕು ತಿಂದು ಬಾಯಿ ಬಿಡದ ಚಾಕುಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತರುತ್ತಿದ್ದಳು.

ಊಟದ ಮೇಜಿನ ಮೇಲೆ ಹಳೇ ಪೇಪರ್ ಹರಡಿ, ಸ್ಕ್ರೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ಅಲಗನ್ನು ಉಜ್ಜಿ ಸಾಣೆ ಹಿಡಿಯುತ್ತಿದ್ದಳು. ಹಿಡಿ ಒಡೆದಿದ್ದರೆ ತಾನೇ ಹೊಸದು ಮಾಡುವಳು. ಒಂದಕ್ಕೆ ಗುಜರಿ ಬಸ್ಸಿನ ಸ್ಟೀರಿಂಗಿನ ಕಪ್ಪು ತುಂಡು, ಇನ್ನೊಂದಕ್ಕೆ ಮುರಿದ ಕುರ್ಚಿಯ ಕೈ, ಮತ್ತೊಂದಕ್ಕೆ ಕೊಂಬು. ಗಂಡ ತೀರಿಕೊಂಡ ಮೇಲೆ ಕೈಗೆ ಬಿಡುವು ಕೊಡಬಾರದೆಂದು ಈ ಕೆಲಸ ಇನ್ನೂ ಹೆಚ್ಚಿತು. ಮುಂದಿನ ಕೋಣೆಯ ಗಾಜಿನ ಕಪಾಟು ಪೂರ್ತಿ ಚಾಕುಗಳಾದವು. ಮಹಡಿಯ ಮೇಲಿದ್ದ ಅವಳ ತಮ್ಮ ಶಾಲೆಯ ವ್ಯಾನು ಓಡಿಸುವವನು, ಬಾಯಿಗೆ ಬೀಗ ಇಲ್ಲದವನು. ಈ ಮನೆಗೆ ಕಳ್ಳ ನುಗ್ಗಿದರೆ ಯಾವುದನ್ನು ತೋರಿಸಿ ಹೆದರಿಸಲಿ ಎಂದು ಪಾಪ ಅವನಿಗೇ ತಲೆ ಕೆಟ್ಟುಹೋಗುತ್ತದೆ ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಮಗಳಿಗೆ ಮಾತ್ರ ಇದೆಲ್ಲ ಸೇರುತ್ತಿರಲಿಲ್ಲ. ತಟ್ಟೆಯಲ್ಲೂ ಸೀಮೆಎಣ್ಣೆ ವಾಸನೆ ಎಂದು ಚಿಕ್ಕಂದಿನಿಂದ ಮೂಗು ಮುರಿದವಳು ಅವಳು. ದೊಡ್ಡವಳಾಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಫ್ರೇಮ್ ಬದಲಾಯಿಸಲು ಬಂದ ವಿಮೆ ಕಂಪನಿಯ ಸರ್ವೇಯರ್ ಒಬ್ಬ ಮತ್ತೆ ಮತ್ತೆ ಬಂದ, ಕೊನೆಗೆ ಅವಳನ್ನೇ ಮದುವೆಯಾದ. ಅಪಘಾತವಾದ ಗಾಡಿಗಳನ್ನು ನೋಡಿ ಎಲ್ಲಿ ಎಷ್ಟು ಜಖಂ ಎಂದು ಬರೆಯುವುದು ಅವನ ಕೆಲಸ. ಮಾತು ಮೆತ್ತಗೆ, ನಡೆ ಮೆತ್ತಗೆ. ಒಳಗೆ ಬಂದರೆ ಬಂದದ್ದೇ ತಿಳಿಯುತ್ತಿರಲಿಲ್ಲ.

ಅತ್ತೆಯ ಕಪಾಟಿನ ಮುಂದೆ ಬರೀ ಮರ್ಯಾದೆಗಾಗಿ ನಿಲ್ಲದ ಮೊದಲ ಮನುಷ್ಯ ಅವನು. ಒಂದೊಂದನ್ನೂ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, ಯಾವ ಸ್ಪ್ರಿಂಗು, ಎಷ್ಟು ಬಿಗಿ, ಈ ಹಿಡಿ ಯಾವುದರದು ಎಂದು ಕೇಳಿದ. ಸೀಟಕ್ಕನಿಗೆ ಅಂದು ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೊರಡುವಾಗ ಅವನು ಒಂದನ್ನು ಕೇಳಿದ. ಕೊಟ್ಟಳು. ಮುಂದಿನ ಸಲ ಬಂದಾಗ ಇನ್ನೊಂದು ಕೇಳಿದ, ಅದು ಹೆಬ್ಬೆರಳು ಸೋಕಿದರೆ ಸಾಕು ಬಿಚ್ಚಿಕೊಳ್ಳುವ ಹಾಗಿರಬೇಕೆಂದ. ಆಮೇಲೆ ಎಲೆಯಷ್ಟು ತೆಳ್ಳಗಿನ ಅಲಗು ಬೇಕೆಂದ. ಹಾಗೇ ಒಂದೊಂದಾಗಿ ಐದಾದವು. ಕೊನೆಯದಕ್ಕೆ ಅವನು ಕೇಳಿದ್ದು ವಿಚಿತ್ರವಾಗಿತ್ತು. ತೆರೆಯುವಾಗ ಟಕ್ ಎನ್ನಬಾರದು, ಮಡಚುವಾಗಲೂ ಎನ್ನಬಾರದು. ಆಫೀಸಿನಲ್ಲಿ ಹಣ್ಣು ಕತ್ತರಿಸುವಾಗ ಎಲ್ಲರೂ ತಿರುಗಿ ನೋಡುತ್ತಾರೆ ಎಂದು ಕಾರಣ ಕೊಟ್ಟ.

ಅದು ಕಷ್ಟದ ಕೆಲಸ, ಅದಕ್ಕೇ ಅವಳಿಗೆ ಹಟ ಬಂತು. ಅಲಗು ಬಂದು ಬಡಿಯುವ ಜಾಗವನ್ನು ಅರದಿಂದ ತೀಡಿ, ಸೀಟಿನ ತೊಗಲಿನ ಚೂರೊಂದನ್ನು ಅಲ್ಲಿ ಕೂರಿಸಿದಳು. ಮತ್ತೆ ಬಿಚ್ಚಿ ಮತ್ತೆ ಕೂರಿಸಿದಳು. ಕಡೆಗೆ ಕಿವಿಯ ಪಕ್ಕ ಹಿಡಿದು ಬಿಚ್ಚಿದರೂ ಉಸಿರಿನಷ್ಟು ಸದ್ದಿಲ್ಲ. ಅಳಿಯ ಅದನ್ನು ತನ್ನ ಕಿವಿಯ ಬಳಿ ಹಿಡಿದು, ಕಣ್ಣು ಮುಚ್ಚಿ, ತುಂಬಾ ಹೊತ್ತು ಬಿಚ್ಚುತ್ತ ಮಡಚುತ್ತ ನಿಂತಿದ್ದ. ಮಗಳು ಸೋಫಾದ ತುದಿಯಲ್ಲಿ ಗೋಡೆಗೆ ಬೆನ್ನು ಒತ್ತಿ ಕೂತಿದ್ದಳು. ಆಯಾಸವಿರಬೇಕು ಎಂದುಕೊಂಡಳು ತಾಯಿ. ಮಗಳು ಕೂದಲನ್ನು ಬೇರೆ ಗಿಡ್ಡ ಮಾಡಿಸಿಕೊಂಡಿದ್ದಳು, ಅದೂ ಒಂದು ಕಡೆ ಏರು, ಒಂದು ಕಡೆ ತಗ್ಗು. ಈಗ ಇದೇ ಫ್ಯಾಷನ್ ಎಂದಳು.

ಆಮೇಲೆ ಮಗಳು ಬರುವುದು ಕಡಿಮೆಯಾಯಿತು. ಅಂಗಡಿಯ ಕೆಲಸವನ್ನೂ ಬಿಟ್ಟಿದ್ದಾಳೆಂದು ಅಳಿಯನೇ ಹೇಳಿದ. ಫೋನ್ ಮಾಡಿದರೆ ಎತ್ತುವವನೂ ಅವನೇ. ಅವಳು ಮಾತಾಡುವಾಗ ಅವನು ಪಕ್ಕದಲ್ಲಿ ಉಸಿರಾಡುವುದು ಕೇಳುತ್ತಿತ್ತು. ಅವನು ಮಾತ್ರ ತಪ್ಪದೆ ಬರುತ್ತಿದ್ದ, ಚಾಕುಗಳಿಗೆ ಸಾಣೆ ಹಿಡಿಸಲು. ಅಷ್ಟು ಬೇಗ ಮೊಂಡಾಗಲು ಏನು ಕತ್ತರಿಸುತ್ತೀಯಪ್ಪಾ ಎಂದು ಕೇಳಿದರೆ, ಏನೋ ಒಂದು, ಅತ್ತೆ, ಎಂದು ನಗುತ್ತಿದ್ದ.

ಒಂದು ದಿನ ಅವನು ತೆಳ್ಳಗಿನ ಅಲಗಿನ ಚಾಕನ್ನು ಕೊಟ್ಟುಹೋದ. ಅದು ಸರಾಗವಾಗಿ ಮಡಚುತ್ತಿಲ್ಲ ಎಂದ. ಅವಳು ಅದನ್ನು ಕೆಲಸಕ್ಕೆ ಒಯ್ದಳು. ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ, ಹೊಲಿಗೆ ಯಂತ್ರದ ದೀಪದ ಕೆಳಗೆ ಸ್ಕ್ರೂ ಬಿಚ್ಚಿದಳು. ಅಲಗು ತಿರುಗುವ ಕೀಲಿಗೆ ದಾರ ಸುತ್ತಿಕೊಂಡಿತ್ತು. ಚಿಮಟದಿಂದ ಎಳೆದಳು. ಬಂದದ್ದು ಹಸಿರು ಉಣ್ಣೆ. ಆ ಹಸಿರು ಅವಳಿಗೆ ಗೊತ್ತು. ಮಗಳಿಗೆಂದು ತಾನೇ ಹೆಣೆದ ಸ್ವೆಟರಿನದು. ಉಣ್ಣೆಯ ಜೊತೆ ಬಿಳಿ ನೂಲು, ಸೀರೆಯದೋ ಪರದೆಯದೋ ರೇಷ್ಮೆ ಎಳೆ, ಅವುಗಳ ಒಳಗೆ ಸಣ್ಣ ಸಣ್ಣ ಕೂದಲು. ಕೂದಲೂ ಮಗಳದೇ.

ಪಕ್ಕದ ಯಂತ್ರದವಳು ಏನಾಯ್ತು ಸೀಟಕ್ಕ ಎಂದು ಕೇಳಿದಳು. ಏನಿಲ್ಲ ಎಂದಳು. ಅರ್ಧ ದಿನದ ರಜೆ ಹಾಕಿ, ತಮ್ಮನಿಗೆ ಫೋನ್ ಮಾಡಿ, ಮಕ್ಕಳನ್ನು ಇಳಿಸಿದ ಕೂಡಲೇ ವ್ಯಾನು ತಗೊಂಡು ಬಾ ಎಂದಳು. ದಾರಿಯಲ್ಲಿ ತಮ್ಮ ಒಂದೂ ತಮಾಷೆ ಮಾಡಲಿಲ್ಲ. ಅವನನ್ನು ಗೇಟಿನ ಹತ್ತಿರವೇ ನಿಲ್ಲಿಸಿ, ಎಂಜಿನ್ ಆರಿಸಬೇಡ ಎಂದು ಹೇಳಿ ಅವಳೊಬ್ಬಳೇ ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದವನು ಅಳಿಯ. ಅವನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಮನೆ ಕನ್ನಡಿಯ ಹಾಗೆ ಚೊಕ್ಕಟವಾಗಿತ್ತು. ಕೂತ ಮೇಲೆ ಅವಳ ಕಣ್ಣು ತಾನಾಗಿ ಹೊಲಿಗೆಯನ್ನು ಹುಡುಕಿತು. ಪರದೆಯ ಅಂಚು, ದಿಂಬಿನ ಮೂಲೆ, ಕುರ್ಚಿಯ ಬೆನ್ನು, ಎಲ್ಲ ಕಡೆ ಬೆರಳುದ್ದದ ಸೀಳು. ಎಲ್ಲವನ್ನೂ ಮತ್ತೆ ಹೊಲಿದಿತ್ತು. ಅದು ಮಗಳ ಕೈಹೊಲಿಗೆ, ತಾನೇ ಕಲಿಸಿದ್ದು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೂರು ಚಾಕುಗಳನ್ನು ಬಿಚ್ಚಿಟ್ಟು ಸಾಲಾಗಿ ಜೋಡಿಸಿತ್ತು. ಸದ್ದಿಲ್ಲದ್ದು ಅವನ ಕೈಯಲ್ಲೇ ಇತ್ತು. ಮಾತಾಡುತ್ತ ಬಿಚ್ಚುತ್ತಿದ್ದ, ಮಡಚುತ್ತಿದ್ದ.

ಮಗಳು ಕಾಫಿ ತಂದಳು. ಕೈಯಲ್ಲಿ, ಕತ್ತಿನಲ್ಲಿ ಒಂದು ಗೀರೂ ಇಲ್ಲ. ಲೋಟ ಇಟ್ಟು, ಅವನು ಕಣ್ಣಲ್ಲೇ ತೋರಿಸಿದ ಮುಕ್ಕಾಲಿಯ ಮೇಲೆ, ಅವನಿಗೆ ಬೆನ್ನು ಹಾಕಿ ಕೂತಳು.

ಸೀಟಕ್ಕ ಉಣ್ಣೆಯ ಮಾತೆತ್ತಲಿಲ್ಲ. ಚಾಕು ಚೆನ್ನಾಗಿ ಉಪಯೋಗವಾಗ್ತಿದೆಯಾ ಎಂದಷ್ಟೇ ಕೇಳಿದಳು.

"ನಿಮಗೆ ಹೇಳ್ಬೇಕು ಅಂತಾನೇ ಇದ್ದೆ, ಅತ್ತೆ," ಎಂದ ಅವನು. "ನಾವಿಬ್ರೂ ಒಂದು ಆಟ ಆಡ್ತೀವಿ. ಇವಳು ಅಲುಗಾಡದೆ ಕೂತ್ಕೋಬೇಕು. ನಾನು ಹಿಂದಿನಿಂದ ಇವಳ ಬಟ್ಟೆಯದೋ ಕೂದಲಿನದೋ ಒಂದೇ ಒಂದು ಎಳೆ ಕತ್ತರಿಸ್ಬೇಕು. ಇವಳಿಗೆ ಗೊತ್ತಾದ್ರೆ ಮೊದಲಿನಿಂದ ಶುರು. ಇವತ್ತಿನವರೆಗೂ ಒಂದು ಸಲಾನೂ ಚರ್ಮಕ್ಕೆ ತಾಗಿಲ್ಲ. ನಿಮ್ಮ ಕೈಕೆಲಸ ಅಷ್ಟು ನಾಜೂಕು."

ಹೇಳುತ್ತ ಹೇಳುತ್ತ ಅವನ ಮುಖದಲ್ಲಿ ನಿಜವಾದ ಕೃತಜ್ಞತೆ ಇತ್ತು. ಸೀಟಕ್ಕ ತಿಂಗಳುಗಟ್ಟಲೆ ಊಟದ ಮೇಜಿನ ಮುಂದೆ ಕೂತು, ಕಣ್ಣು ಸೋಲುವವರೆಗೆ ತೀಡಿ ತೀಡಿ, ಮಗಳ ಬೆನ್ನ ಹಿಂದೆ ನಿಲ್ಲಲು ಅವನಿಗೆ ಏನು ಬೇಕೋ ಅದನ್ನೇ ಮಾಡಿಕೊಟ್ಟಿದ್ದಳು. ಮಗಳ ಬೆನ್ನು ಅಲ್ಲಾಡಲಿಲ್ಲ. ಉಸಿರಾಡುತ್ತಿದ್ದಾಳೋ ಇಲ್ಲವೋ ಎನ್ನುವಷ್ಟು ನೆಟ್ಟಗಿತ್ತು.

ಸೀಟಕ್ಕ ಲೋಟ ಕೆಳಗಿಟ್ಟು, ಅಯ್ಯೋ ನಿನಗೊಂದು ವಿಷಯ ಹೇಳುವುದೇ ಮರೆತೆ ನೋಡಪ್ಪ, ಎಂದು ಶುರು ಮಾಡಿದಳು. ಹಾಕಿದ್ದ ಸ್ಪ್ರಿಂಗುಗಳೆಲ್ಲ ಒಂದೇ ಕಡೆಯಿಂದ ತಂದವು, ಪೂರಾ ಕಳಪೆ ಮಾಲು. ನಿನ್ನೆ ಮನೆಯಲ್ಲೊಂದು ಜಾರಿ ಅಲಗು ಬೆರಳ ಮೇಲೇ ಮಡಚಿಕೊಂಡಿತು, ಸ್ವಲ್ಪದರಲ್ಲಿ ಉಳಿದೆ. ಎಲ್ಲವನ್ನೂ ಕೊಡು, ಹೊಸ ಸ್ಪ್ರಿಂಗು ಹಾಕಿ ಕಳಿಸುತ್ತೇನೆ. ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಅವಳಿಗೇ ಸೋಜಿಗ.

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಮೇಜಿನ ಮೇಲಿದ್ದ ಮೂರನ್ನೂ ಅವಳ ಮುಂದೆ ಸರಿಸಿದ. ಕೈಯಲ್ಲಿದ್ದದ್ದನ್ನು ಜೇಬಿಗೆ ಹಾಕಿಕೊಂಡ.

"ಇದೊಂದು ನನ್ನ ಹತ್ರ ಇರ್ಲಿ."

ಅವಳು ಒತ್ತಾಯ ಮಾಡಲಿಲ್ಲ. ಮೂರನ್ನೂ ಕಾಫಿ ತಂದ ತಟ್ಟೆಯಲ್ಲಿ ಬಿಚ್ಚಿದಂತೆಯೇ ಇಟ್ಟು, ಈಗ ಮಡಚಿದರೆ ಸ್ಪ್ರಿಂಗು ಮುರಿಯುತ್ತದೆ, ವ್ಯಾನಿನಲ್ಲಿ ಯಾರಾದರೂ ತೊಡೆಯ ಮೇಲೆ ಹಿಡಿದುಕೊಂಡು ಕೂರಬೇಕು ಎಂದಳು. ಮಗಳ ಕಡೆ ತಿರುಗಿ, ಏಳಮ್ಮ, ಹಿಡ್ಕೋ, ಎಂದಳು. ಮಗಳು ಏಳಲಿಲ್ಲ. ಗಂಡನ ಮಾತಿಗೆ ಕಾದಳು.

"ಕತ್ತಲಾಗೋದ್ರೊಳಗೆ ಬರ್ತಾಳೆ ತಾನೆ?" ಎಂದ ಅವನು.

"ಬರದೆ ಇನ್ನೇನು," ಎಂದಳು ಸೀಟಕ್ಕ.

ಅವನು ವ್ಯಾನಿನವರೆಗೂ ಬಂದ. ಮೆಟ್ಟಿಲಿಳಿಯುವಾಗ ಹಿಂದೆ ಅವನ ಹೆಜ್ಜೆ ಕೇಳಿಸಲಿಲ್ಲ, ಆದರೂ ಇದ್ದಾನೆಂದು ಇಬ್ಬರಿಗೂ ಗೊತ್ತಿತ್ತು. ಮಗಳು ತಟ್ಟೆ ಹಿಡಿದು ಕೂತ ಮೇಲೆ ಅವನು ಕಿಟಕಿಯೊಳಗೆ ಕೈ ಹಾಕಿ ಅವಳ ಭುಜದ ಮೇಲಿಂದ ಏನೋ ಹೆಕ್ಕಿ, ಎರಡು ಬೆರಳ ನಡುವೆ ಹಿಡಿದು ಅತ್ತೆಗೆ ತೋರಿಸಿದ. ಒಂದು ಎಳೆ ದಾರ. ತಮ್ಮ ಗೇರ್ ಹಾಕಿದ.

ಮುಖ್ಯ ರಸ್ತೆಗೆ ಬಂದು ಸಿಗ್ನಲ್ಲಿನಲ್ಲಿ ನಿಂತಾಗ ಮಗಳು ಮೊದಲ ಸಲ ಬಾಯಿ ಬಿಟ್ಟಳು. "ಹಿಂದೆ ಯಾರಾದ್ರೂ ಕೂತಿದಾರಾ ಅಮ್ಮ?" ಹಿಂದೆ ಇದ್ದದ್ದು ಮಕ್ಕಳು ಬಿಟ್ಟುಹೋದ ನೀರಿನ ಬಾಟಲಿಯೊಂದೇ. ಇಲ್ಲ ಕಂದ ಎಂದು ತಾಯಿ ಎಷ್ಟು ಹೇಳಿದರೂ ಅವಳು ತಿರುಗಿ ನೋಡಲಿಲ್ಲ.

ಆಮೇಲಿನದೆಲ್ಲ ನಿಧಾನವಾಗಿ ನಡೆಯಿತು. ಪೊಲೀಸ್ ಠಾಣೆಯಲ್ಲಿ ಗಾಯ ಎಲ್ಲಿ ಎಂದು ಕೇಳಿದರು. ಗಾಯ ಇರಲಿಲ್ಲ. ಹೊಡೆದನೇ ಎಂದರು. ಹೊಡೆದಿರಲಿಲ್ಲ. ಅಳಿಯ ಬಂದು ಗಲಾಟೆ ಮಾಡಬಹುದೆಂದು ತಮ್ಮ ಬೀಗ ಬದಲಾಯಿಸಿದ, ವಾರಗಟ್ಟಲೆ ಕೆಳಗಿನ ಕೋಣೆಯಲ್ಲೇ ಮಲಗಿದ. ಅವನು ಬರಲಿಲ್ಲ. ವಿಚ್ಛೇದನದ ಕಾಗದಕ್ಕೆ ಮರುಮಾತಿಲ್ಲದೆ ಸಹಿ ಹಾಕಿದ. ಎಂಥ ಸಂಭಾವಿತ ಎಂದು ವಕೀಲರೇ ಹೊಗಳಿದರು. ಸೀಟಕ್ಕ ಕಪಾಟು ಖಾಲಿ ಮಾಡಿ, ಚಾಕುಗಳನ್ನೆಲ್ಲ ಕಳಚಿ, ಅಲಗುಗಳನ್ನು ಗುಜರಿಯವನ ಕಣ್ಣೆದುರೇ ಬಗ್ಗಿಸಿ ಕೊಟ್ಟಳು. ಮಗಳು ಮತ್ತೆ ಕನ್ನಡಕದ ಅಂಗಡಿಗೆ ಹೋಗತೊಡಗಿದಳು. ಆದರೆ ನಡೆದದ್ದೇನು ಎಂದು ಅಮ್ಮನಿಗಾಗಲಿ ಸೋದರಮಾವನಿಗಾಗಲಿ ಬಾಯಿಬಿಟ್ಟು ಹೇಳಲೇ ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ಫೋನ್ ಬಂತು. ಗುರುತಿಲ್ಲದ ಹೆಂಗಸು. ನಮ್ಮ ಮಗಳಿಗೆ ಸಂಬಂಧ ನೋಡುತ್ತಿದ್ದೇವೆ, ಹುಡುಗನಿಗೆ ಇದು ಎರಡನೇ ಮದುವೆ, ಬೇಕಾದರೆ ನನ್ನ ಹಳೆಯ ಅತ್ತೆಯನ್ನೇ ವಿಚಾರಿಸಿ ಎಂದು ಹುಡುಗನೇ ನಿಮ್ಮ ನಂಬರು ಕೊಟ್ಟ ಎಂದಳು. ಮೊದಲ ಹೆಂಡತಿಗೆ ನರಗಳ ತೊಂದರೆ ಇತ್ತಂತೆ, ಪಾಪ. ಸೀಟಕ್ಕ ಬಾಯಿ ತೆರೆಯುವಷ್ಟರಲ್ಲಿ, ಫೋನಿನ ಮಾತು ಕೇಳಿಸಿಕೊಂಡಿದ್ದ ಮಗಳು ಎದ್ದು ಬಂದು ಅವಳ ಕೈಯಿಂದ ಫೋನ್ ತೆಗೆದುಕೊಂಡಳು.

ನಿಂತುಕೊಂಡೇ ಹೇಳಿದಳು. ಮುಕ್ಕಾಲಿಯ ವಿಷಯ ಹೇಳಿದಳು. ಬೆಳಗ್ಗೆ ಎದ್ದರೆ ದಿಂಬಿನ ಮೇಲೆ ತನ್ನದೇ ಕೂದಲು ಬಿದ್ದಿರುತ್ತಿದ್ದದ್ದು ಹೇಳಿದಳು. ಸ್ನಾನದ ಮನೆಯ ಬಾಗಿಲಿನ ಚಿಲಕವನ್ನು ಅವನು ತೆಗೆಸಿದ್ದು, ಕೆಮ್ಮು ಬಂದರೂ ತಡೆದುಕೊಂಡು ಕೂತದ್ದು, ಸಾಕು ಎಂದು ಅತ್ತ ದಿನ ಅವನು ಕಣ್ಣಿನ ರೆಪ್ಪೆಯ ಕೂದಲಿಗೆ ಕೈ ಹಾಕಿದ್ದು. ಮುಕ್ಕಾಲಿಯ ವಿಷಯ ಬಿಟ್ಟರೆ ಇದಾವುದೂ ಸೀಟಕ್ಕನಿಗೆ ಗೊತ್ತಿರಲಿಲ್ಲ.

ಅವನು ಈಗ ಇಲ್ಲೇ ಇದ್ದಾನೆ, ಒಳಗೆ ನಮ್ಮ ಹುಡುಗಿಯ ಜೊತೆ ಕೂತಿದ್ದಾನೆ ಎಂದು ಆ ಕಡೆಯವಳು ಪಿಸುಗುಟ್ಟಿದಳು. ಮಗಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಫೋನ್ ಇಡ್ಬೇಡಿ," ಎಂದಳು. "ಒಳಗೆ ಹೋಗಿ ನಿಮ್ಮ ಹುಡುಗಿ ಪಕ್ಕ ಕೂತ್ಕೊಳ್ಳಿ. ಅವನಿಗೆ ಏನೂ ತೋರಿಸ್ಕೋಬೇಡಿ. ಮನೆ ಎಲ್ಲಿ ಅಂತ ಹೇಳಿ, ನಾನೇ ಬರ್ತೀನಿ."

ಅವಳ ಮಾತು ಕೇಳಿಸಿಕೊಂಡು ಮಹಡಿಯ ಮೇಲಿಂದ ತಮ್ಮ ಆಗಲೇ ವ್ಯಾನಿನ ಬೀಗದ ಕೈ ಹಿಡಿದು ಮೆಟ್ಟಿಲಿಳಿಯುತ್ತಿದ್ದ. ಮಗಳು ಚಪ್ಪಲಿ ಮೆಟ್ಟಿಕೊಂಡು, ಫೋನನ್ನು ಕಿವಿಯಿಂದ ತೆಗೆಯದೆ, ಎಲ್ಲರಿಗಿಂತ ಮೊದಲು ಹೊರಗೆ ನಡೆದಳು.