ಪೈಪಿನೊಳಗಿನ ಸದ್ದು

ಮಧ್ಯಾಹ್ನ ಎರಡೂವರೆ. ಯಾರದೋ ಮದುವೆಯ ವಿಡಿಯೊದಲ್ಲಿ ವರನ ಚಿಕ್ಕಪ್ಪ ಬಿಟ್ಟೂಬಿಡದೆ ಕೆಮ್ಮುತ್ತಿದ್ದ. ಆ ಕೆಮ್ಮನ್ನೆಲ್ಲ ಒಂದೊಂದಾಗಿ ಕತ್ತರಿಸುತ್ತ ಅವಳು ತನ್ನ ಎಡಿಟಿಂಗ್ ಅಂಗಡಿಯಲ್ಲಿ ಕೂತಿದ್ದಳು. ಅಷ್ಟರಲ್ಲಿ ಮೈದುನ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ನಲ್ಲಿ, ಚರಂಡಿ ರಿಪೇರಿ ಮಾಡುವವನು. ತಲೆಯಿಂದ ಕಾಲಿನವರೆಗೆ ಧೂಳು ಮೆತ್ತಿಕೊಂಡು, ಬೂದಿಯಲ್ಲಿ ಹೊರಳಿ ಎದ್ದವನ ಹಾಗಿದ್ದ.

“ಅತ್ತಿಗೆ, ಇದರಲ್ಲಿ ಸದ್ದು ಇದೆಯಾ ಸ್ವಲ್ಪ ನೋಡಿ. ನನ್ನ ಫೋನಲ್ಲಿ ಬರ್ತಾ ಇಲ್ಲ.”

ಅವನ ಅಂಗೈಯಲ್ಲಿ ಉಗುರಿನಷ್ಟಗಲದ ಮೆಮೊರಿ ಕಾರ್ಡು.

ಬೆಳಗಿನ ಜಾವ ಊರಿನ ಆಚೆ ತುದಿಯ ಹಳೆಯ ಗೋದಾಮು ಕುಸಿದದ್ದು ಅವಳಿಗೂ ಗೊತ್ತಿತ್ತು. ಅಲ್ಲಿನ ಕಾವಲುಗಾರ ಪಾಳಿ ಮುಗಿಸಿ ಮನೆಗೆ ಬಂದಿರಲಿಲ್ಲ. ನಿಂತುಳಿದ ಒಂದೇ ಒಂದು ಗೋಡೆ ಪಕ್ಕದ ಮನೆಗಳ ಸಾಲಿನ ಕಡೆ ವಾಲತೊಡಗಿತ್ತು. ನಾಲ್ಕು ಗಂಟೆಗೆ ಅದನ್ನು ಯಂತ್ರದಿಂದ ಒಳಕ್ಕೆ ಎಳೆದು ಕೆಡವುವುದೆಂದು ಅಗ್ನಿಶಾಮಕ ದಳದ ಅಧಿಕಾರಿ ತೀರ್ಮಾನಿಸಿದ್ದರು. ಒಳಕ್ಕೆ ಬಿದ್ದರೆ ನೆಲಮಾಳಿಗೆ ಪೂರ್ತಿ ಮುಚ್ಚಿಹೋಗುತ್ತದೆ. ಅದಕ್ಕೇ ಮೊದಲು ಮೈದುನನನ್ನು ಕರೆಸಿ, ಅವನ ಚರಂಡಿ ಕ್ಯಾಮೆರಾವನ್ನು ಹಳೆಯ ಪೈಪಿನೊಳಗೆ ಇಳಿಬಿಟ್ಟು ನೋಡಿದ್ದರು.

“ಫೈಲು ತುಂಬ ದೊಡ್ಡದಿತ್ತು ಅತ್ತಿಗೆ, ಹೋಗ್ಲೇ ಇಲ್ಲ. ಜನ ಎಲ್ಲ ಫೋನ್ ಹಿಡ್ಕೊಂಡು ನಿಂತಿದ್ದಾರೆ, ನೆಟ್‌ವರ್ಕ್ ಸತ್ತೇಹೋಗಿದೆ. ಅದಕ್ಕೆ ಅದರಲ್ಲೊಂದು ತುಣುಕನ್ನ ಜಿಫ್ ಮಾಡಿ ಸಾಹೇಬ್ರಿಗೆ ಕಳಿಸಿದೆ. ಮೂರು ಸೆಕೆಂಡಿಂದು. ಅವರು ನೋಡಿ, ಯಾರೂ ಇಲ್ಲ ಅಂದ್ರು.”

“ಜಿಫ್‌ನಲ್ಲಿ ಸದ್ದೇ ಇರಲ್ಲವಲ್ಲೋ!”

“ಗೊತ್ತಿರ್ಲಿಲ್ಲ ಅತ್ತಿಗೆ.” ಅವನು ಮುಖದ ಧೂಳು ಒರೆಸಿಕೊಂಡ. “ಕ್ಯಾಮೆರಾದಲ್ಲಿ ಮೈಕು ಇದೆ ಅನ್ನೋದು ಆಮೇಲೆ ನೆನಪಾಯ್ತು.”

“ಮತ್ತೆ ಇಳಿಸಿ ನೋಡಬಹುದಿತ್ತಲ್ಲ?”

“ಮೇಲಕ್ಕೆ ಎಳೆದ ಹತ್ತೇ ನಿಮಿಷಕ್ಕೆ ಕಾಂಕ್ರೀಟ್ ತುಂಡು ಜಾರಿ ಪೈಪಿನ ಬಾಯಿ ಮುಚ್ಕೊಳ್ತು.”

ಅವಳು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು. ಹನ್ನೊಂದು ನಿಮಿಷದ ವಿಡಿಯೊ. ಅದರ ಸದ್ದು ಯಾವುದೋ ಹಳೇ ಕಾಲದ ಕೋಡೆಕ್‌ನಲ್ಲಿತ್ತು. ಒತ್ತಿ ಚಿಕ್ಕದು ಮಾಡಿಟ್ಟಿದ್ದ ಆ ಸದ್ದನ್ನು ಬಿಡಿಸಿ ಕೇಳಿಸುವ ದಾರಿ ಮೈದುನನ ಫೋನಿಗೆ ತಿಳಿದಿರಲಿಲ್ಲ, ಅಷ್ಟೇ. ಅವಳ ಕಂಪ್ಯೂಟರಿಗೆ ತಿಳಿದಿತ್ತು. ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಕೇಬಲ್ ಉಜ್ಜುವ ಸದ್ದು. ಮೇಲೆಲ್ಲೋ ಜನರೇಟರಿನ ಗುಂಯ್‌ಗುಡುವಿಕೆ. ಏಳನೇ ನಿಮಿಷದಲ್ಲಿ ಕೇಬಲ್ ನಿಂತಾಗ, ಬಹಳ ಕ್ಷೀಣವಾಗಿ, ಟಕ್ ಟಕ್ ಟಕ್. ಬಿಡುವು. ಮತ್ತೆ ಟಕ್ ಟಕ್ ಟಕ್.

ಹೆಡ್‌ಫೋನನ್ನು ಮೈದುನನ ಕಿವಿಗಿಟ್ಟಳು. ಅವನು ಕೇಳಿ, ಅಧಿಕಾರಿಯ ನಂಬರು ತೆಗೆದು ಕೊಟ್ಟ.

ಮೂರಕ್ಕೆ ಐದು ನಿಮಿಷ. ಫೋನ್ ಮಾಡಿದಾಗ ಅಧಿಕಾರಿಯ ದನಿ ಒಡೆದುಹೋಗಿತ್ತು.

“ನೋಡಮ್ಮ, ಬೆಳಗ್ಗೆಯಿಂದ ಮೂರು ಸಲ ಸದ್ದು ಕೇಳ್ತು ಅಂದ್ರು. ಮೂರು ಸಲಾನೂ ಕೆಲಸ ನಿಲ್ಲಿಸಿದೆ. ಒಂದ್ಸಲ ನಾಯಿ, ಒಂದ್ಸಲ ಪಂಪು, ಇನ್ನೊಂದ್ಸಲ ಏನೂ ಇಲ್ಲ. ಗೋಡೆ ಇನ್ನೂ ನಾಲ್ಕು ಬೆರಳು ವಾಲಿದೆ. ಅದು ಮನೆಗಳ ಮೇಲೆ ಬಿದ್ರೆ ಯಾರು ಹೊಣೆ? ನನ್ನ ಕಿವಿಗೆ ಕೇಳ್ಬೇಕು.”

ಅವಳು ಸ್ಪೀಕರನ್ನು ಜೋರು ಮಾಡಿ ಫೋನನ್ನು ಹತ್ತಿರ ಹಿಡಿದಳು.

“ಏನೂ ಕೇಳ್ತಿಲ್ಲಮ್ಮ.”

ವಾಯ್ಸ್ ಮೆಸೇಜಾಗಿ ಕಳಿಸಿದಳು. ಅದನ್ನು ತಾನೇ ಹಾಕಿ ಕೇಳಿದಾಗ ಅದರಲ್ಲಿ ಮೌನ ಬಿಟ್ಟರೆ ಬೇರೇನೂ ಇರಲಿಲ್ಲ. ಮನುಷ್ಯರ ಮಾತನ್ನಷ್ಟೇ ಉಳಿಸಿ ಮಿಕ್ಕಿದ್ದನ್ನೆಲ್ಲ ಗದ್ದಲವೆಂದು ಒರೆಸಿಹಾಕುವಂತೆ ಮಾಡಿಟ್ಟ ಫೋನಿನ ವ್ಯವಸ್ಥೆ ಅದು. ಒಳಗಿದ್ದವನ ಬಡಿತವನ್ನೂ ಒರೆಸಿಹಾಕಿತ್ತು.

“ಸರ್, ಬೇರೆ ಥರ ಕಳಿಸ್ತೀನಿ. ಜನ ಸೇರಿ ದಾರಿ ಕಟ್ಟಿದೆ, ನಾವೇ ಅಲ್ಲಿಗೆ ಬರೋಕೆ ಒಂದು ಗಂಟೆ ಬೇಕು. ಹತ್ತು ನಿಮಿಷ ಕೊಡಿ.”

“ಬರೀ ಸದ್ದು ಕಳಿಸ್ಬೇಡಿ. ಅದೇ ಪೈಪಿಂದು ಅಂತ ನಾನು ಹೇಗೆ ನಂಬ್ಲಿ? ಕ್ಯಾಮೆರಾ ಎಷ್ಟು ಮೀಟರ್ ಇಳಿದಿತ್ತು ಅಂತ ಮೂಲೇಲಿ ತೋರಿಸುತ್ತಲ್ಲ, ಅದೂ ಕಾಣ್ಬೇಕು. ಮೂರೂಮುಕ್ಕಾಲಿಗೆ ಯಂತ್ರ ಸಿದ್ಧ ಆಗುತ್ತೆ.”

ಅವಳು ನಲವತ್ತು ಸೆಕೆಂಡನ್ನು ಕತ್ತರಿಸಿಕೊಂಡಳು. ಅವಸರದಲ್ಲಿ ಎಲ್ಲಕ್ಕಿಂತ ಹೊಸ ಕೋಡೆಕ್ ಆರಿಸಿದಳು, ಫೈಲು ಅಂಗೈಯಗಲಕ್ಕೆ ಇಳಿಯಲಿ ಎಂದು. ಅದು ಇಳಿಯಿತು ನಿಜ, ಆದರೆ ಹಾಗೆ ಅರೆದು ಸಣ್ಣದು ಮಾಡಲು ಕಂಪ್ಯೂಟರು ಹನ್ನೆರಡು ನಿಮಿಷ ತಿಂದಿತು. ಕಳಿಸಲು ಇನ್ನೂ ಎಂಟು. ಉತ್ತರ ಬಂತು: “ಕಪ್ಪು ಪರದೆ. ಸದ್ದೂ ಇಲ್ಲ.”

“ಸಾಹೇಬ್ರ ಫೋನು ಓಬೀರಾಯನ ಕಾಲದ್ದು ಅತ್ತಿಗೆ,” ಮೈದುನ ಅಳುವವನಂತೆ ಅಂದ.

“ಅದನ್ನ ಮೊದಲೇ ಬೊಗಳೋದಲ್ವೇನೋ!” ಎಂದು ಹರಿಹಾಯ್ದಳು. ಹಾಗೆ ಅಂದ ಮೇಲೆ ತನ್ನ ಮೇಲೇ ಸಿಟ್ಟು ಬಂತು. ಕೇಳಬೇಕಾದವಳು ತಾನು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳು, ನೋಡುವವರ ಬಳಿ ಏನಿದೆ ಎಂದು ಕೇಳದೆಯೇ ಕಳಿಸಿದ್ದಳು.

ಮೂರೂ ಇಪ್ಪತ್ತೈದು. ಯಾವ ಹಳೆಯ ಫೋನೂ ತೆರೆಯಬಲ್ಲ ಹಳೆಯ ಕೋಡೆಕ್‌ಗಳನ್ನೇ ಆರಿಸಿದಳು, ಚಿತ್ರಕ್ಕೆ ಎಚ್.264, ಸದ್ದಿಗೆ ಎಎಸಿ. ಇದರಲ್ಲಿ ಫೈಲು ದೊಡ್ಡದಾಗುತ್ತದೆ, ಎಲ್ಲಾದರೂ ಉಳಿಸಲೇಬೇಕು. ಚಿತ್ರದಲ್ಲಿ ಧೂಳು ಬಿಟ್ಟರೆ ಕದಲುವುದೇನಿದೆ? ಸೆಕೆಂಡಿಗೆ ಮೂವತ್ತು ಚಿತ್ರವಿದ್ದದ್ದನ್ನು ಐದಕ್ಕೆ ಇಳಿಸಿದಳು. ಬಣ್ಣ ತೆಗೆದಳು. ಮೂಲೆಯ ಅಂಕಿ ಓದಲು ಬಂದರೆ ಸಾಕು. ಸದ್ದಿನ ಪಾಲಿಗೆ ಮಾತ್ರ ಕೈಹಾಕಲಿಲ್ಲ.

“ವಿಡಿಯೊ ಅಂತ ಕಳಿಸ್ಬೇಡ,” ಮೈದುನನಿಗೆ ಹೇಳಿದಳು. “ಆ್ಯಪ್ ಅದನ್ನ ಮತ್ತೆ ಹಿಂಡಿಬಿಡುತ್ತೆ. ಡಾಕ್ಯುಮೆಂಟ್ ಅಂತ ಕಳಿಸು, ಹೇಗಿದೆಯೋ ಹಾಗೇ ಹೋಗುತ್ತೆ.”

ಫೈಲು ಎಷ್ಟು ಹೋಯಿತೆಂದು ತೋರಿಸುವ ಹಸಿರು ಗೆರೆ ಅರ್ಧಕ್ಕೆ ಬಂದು ನಿಂತಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಅವನು ಉಗುರು ಕಚ್ಚುತ್ತಿದ್ದ. ಗೆರೆ ಸ್ವಲ್ಪ ಸರಿಯಿತು, ಮತ್ತೆ ನಿಂತಿತು. ಮೂರೂ ನಲವತ್ತೊಂದಕ್ಕೆ ತುದಿ ಮುಟ್ಟಿತು.

ಅವಳೇ ಫೋನ್ ಮಾಡಿದಳು. “ಬಂತಾ ಸರ್? ಕಿವಿಗೆ ಇಯರ್‌ಫೋನ್ ಹಾಕ್ಕೊಳ್ಳಿ. ವ್ಯಾನಿನೊಳಗೆ ಕೂತು ಕೇಳಿ.”

ಬಾಗಿಲು ಮುಚ್ಚಿದ ಸದ್ದು. ಆಮೇಲೆ ಏನೂ ಇಲ್ಲ. ನಲವತ್ತು ಸೆಕೆಂಡು ಮುಗಿದಿರಬೇಕು ಅನ್ನಿಸಿತು. ಮತ್ತೆ ನಲವತ್ತು.

“ನೀರು ತೊಟ್ಟಿಕ್ಕೋ ಸದ್ದಲ್ಲ ಅಂತೀರಾ?” ಅಧಿಕಾರಿ ಮೆಲ್ಲಗೆ ಕೇಳಿದರು.

“ನೀರು ಎಣಿಸಿಕೊಂಡು ತೊಟ್ಟಿಕ್ಕಲ್ಲ ಸರ್. ಪ್ರತಿ ಸಲ ಮೂರೇ ಇದೆ ನೋಡಿ.”

ಅಧಿಕಾರಿ ಫೋನಿನಿಂದ ಬಾಯಿ ದೂರ ಸರಿಸಿ, “ಯಂತ್ರ ನಿಲ್ಲಿಸ್ರೋ! ಹಿಂದಕ್ಕೆ ತಗೊಳ್ಳಿ!” ಎಂದು ಕೂಗಿದ್ದು ಕೇಳಿಸಿತು. ಮೈದುನ ಆಗಲೇ ಬಾಗಿಲಾಚೆ ಓಡಿದ್ದ.

ಗೋಡೆಗೆ ಕಬ್ಬಿಣದ ಆಸರೆ ಕೊಟ್ಟರು. ಮನೆಗಳ ಸಾಲನ್ನು ಖಾಲಿ ಮಾಡಿಸಿದರು. ಬುಟ್ಟಿ, ಗುದ್ದಲಿ, ಬರಿಗೈಗಳಲ್ಲಿ ಐದು ಗಂಟೆ ಹೊತ್ತು ಅಗೆದರು. ನಡುವೆ ಗೋಡೆಯ ಮೇಲ್ತುದಿ ಕಳಚಿ ಬಿದ್ದು ಅಗ್ನಿಶಾಮಕದವನೊಬ್ಬನ ಭುಜ ಮುರಿಯಿತು. ಅಧಿಕಾರಿ ಎರಡು ಸಲ ಎಲ್ಲರನ್ನೂ ಹಿಂದಕ್ಕೆ ಕರೆದು, ಎರಡು ಸಲವೂ ಮತ್ತೆ ಕಳಿಸಿದರು. ಕೊನೆಗೆ ಕಾವಲುಗಾರನನ್ನು ಎತ್ತಿ ತಂದರು. ಉಸಿರಿತ್ತು. ಎಡಗೈ ಜಜ್ಜಿಹೋಗಿತ್ತು. ಬಲಗೈಯಲ್ಲಿ ಬೀಗದ ಕೈಗಳ ಗೊಂಚಲನ್ನು ಹಿಡಿದುಕೊಂಡಿದ್ದ, ಆಸ್ಪತ್ರೆಯವರು ಒಂದೊಂದೇ ಬೆರಳು ಬಿಡಿಸಿ ಅದನ್ನು ತೆಗೆಯಬೇಕಾಯಿತು.

ವಾರದ ಮೇಲೆ ಅವಳು ಮೈದುನನ ಜೊತೆ ಆಸ್ಪತ್ರೆಗೆ ಹೋದಳು. ಎದೆಯ ಮೇಲೆ ತೊಲೆ ಬಿದ್ದಿದ್ದರಿಂದ ಕಾವಲುಗಾರನಿಗೆ ಕೂಗಲು ಆಗಿರಲಿಲ್ಲ. ಈಗಲೂ ದನಿ ಪಿಸುಗುಡುತ್ತಿತ್ತು.

“ಪೈಪಲ್ಲಿ ಬೆಳಕು ಬಂತಮ್ಮ. ಬಡಿದೆ, ಬಡಿದೆ. ಬೆಳಕು ಅಲ್ಲೇ ನಿಂತಿತ್ತು. ಆಮೇಲೆ ಹಿಂದಕ್ಕೆ ಹೋಯ್ತು. ಕಟ್ಟಡ ಮೈಮೇಲೆ ಬಿದ್ದಾಗ್ಲೂ ನಂಗೆ ಅಷ್ಟು ಹೆದರಿಕೆ ಆಗಿರ್ಲಿಲ್ಲ.”

ಮೈದುನ ತಲೆ ತಗ್ಗಿಸಿದ. “ಅದನ್ನ ಹಿಂದಕ್ಕೆ ಎಳೆದೋನು ನಾನೇ ಅಣ್ಣ.”

ಕಾವಲುಗಾರ ಅವನ ಕಡೆ ತಿರುಗಿ ನೋಡಿದ. ಆಮೇಲೆ ಮಂಚದ ಪಕ್ಕ ನಿಂತಿದ್ದ ಹೆಂಡತಿಗೆ, “ಇವನಿಗೆ ಆ ಕುರ್ಚಿ ಕೊಡೇ, ಕೂತ್ಕೊಳ್ಳಲಿ,” ಎಂದ.