ಮೀನಾಕ್ಷಿ ಕೂರುತ್ತಿದ್ದ ಜಾಗ

ಎಪ್ಪತ್ತರ ದಶಕದ ಮೊದಲಲ್ಲಿ ಜಪಾನಿನ ಕಂಪನಿಯೊಂದು ಸಾಗರದಿಂದ ಹೊಳೆಬಾಗಿಲಿಗೆ ಹೋಗುವ ದಾರಿಯಲ್ಲಿ ಕಾರ್ಖಾನೆ ಹಾಕಿತು. ಅನಾನಸನ್ನು ಸಕ್ಕರೆ ಪಾಕದಲ್ಲಿ ಡಬ್ಬಿಗೆ ತುಂಬಿ ಹಡಗಿಗೆ ಕಳಿಸುವುದು ಅವರ ಕಸುಬು. ಊರವರು ಡಬ್ಬಿ ಫ್ಯಾಕ್ಟರಿ ಅಂದರು. ಹಣ್ಣೂ, ಅದನ್ನು ಸುಲಿಯುವ ಹೆಂಗಸರೂ ಹಿನ್ನೀರಿನ ಆಚೆ ದಡದಿಂದ ಕಂಪನಿಯ ದೋಣಿಯಲ್ಲೇ ಬರುತ್ತಿದ್ದರು. ಹುಲಿಯಮ್ಮನ ಒಬ್ಬಳೇ ಮಗಳು ಮೀನಾಕ್ಷಿ ಆ ಹೆಂಗಸರಲ್ಲಿ ಎಲ್ಲರಿಗಿಂತ ಚಿಕ್ಕವಳು.

ಒಂದು ಜೂನ್ ತಿಂಗಳ ಬೆಳಿಗ್ಗೆ ಹಣ್ಣು ನೋಡಲು ಆಚೆ ದಡಕ್ಕೆ ಹೋಗಿದ್ದ ಮ್ಯಾನೇಜರ್ ಇನಾಬನೂ ದೋಣಿಯಲ್ಲಿದ್ದ.

"ಗಾಳಿ ಜೋರೈತೆ ಸಾಯೇಬ್ರೆ, ಸ್ವಲ್ಪ ತಡೀರಿ," ಎಂದ ದೋಣಿಯ ಅಂಜನಪ್ಪ.

"ಹಣ್ಣು ಹಾಳಾಗ್ತದೆ. ಹೊರಡು."

ನಡುನೀರಿನಲ್ಲಿ ದೋಣಿ ಮಗುಚಿತು. ಉಳಿದವರು ಬುಟ್ಟಿ, ಹಲಗೆ ಹಿಡಿದು ಬದುಕಿಕೊಂಡರು. ಮೀನಾಕ್ಷಿ ಇನಾಬನ ಕೈ ಹಿಡಿದಿದ್ದಳು. ಕೈ ಜಾರಿತು. ಹೆಣವೂ ಸಿಗಲಿಲ್ಲ. ಅಣೆಕಟ್ಟು ಕಟ್ಟುವ ಮೊದಲು ಹುಲಿಯಮ್ಮನ ಮನೆ, ಗದ್ದೆ ಇದ್ದದ್ದು ಆ ನೀರಿನ ಅಡಿಯಲ್ಲೇ.

ಕಂಪನಿ ಇನಾಬನನ್ನು ವಾಪಸು ಕರೆಯಿತು. ಅವನು ಹೋಗಲಿಲ್ಲ. ಸುಲಿಯುವ ಮೇಜಿನಲ್ಲಿ ಮೀನಾಕ್ಷಿಯ ಜಾಗಕ್ಕೆ ಯಾರನ್ನೂ ಕೂರಿಸಲಿಲ್ಲ. ಮೇಜು ಒರೆಸುತ್ತಿದ್ದ ದುಗ್ಗಮ್ಮ ಒಂದು ದಿನ ಹುಲಿಯಮ್ಮನ ಮನೆಗೆ ಬಂದು ಅಳುಕುತ್ತ ಹೇಳಿದಳು: "ಅಕ್ಕಾ, ಸಾಯೇಬ್ರಿಗೆ ನಿಮ್ಮ ಮಗಳು ಕಾಣ್ತಾಳಂತೆ. ಅಲ್ಲೇ ಕೂತಿರ್ತಾಳಂತೆ."

ಹುಲಿಯಮ್ಮ ಹಿನ್ನೀರು ದಾಟಿ ನೆಟ್ಟಗೆ ಫ್ಯಾಕ್ಟರಿಗೆ ಹೋದಳು. ಇನಾಬ ಎದ್ದು ನಿಂತು ತಲೆ ಬಗ್ಗಿಸಿದ.

"ನನ್ನ ಮಗಳು ನಿಮಗೆ ಕಾಣ್ತಾಳಾ?"

"ಹೌದು. ತಲೆ ಎಲ್ಲ ಒದ್ದೆ."

"ನನಗ್ಯಾಕೆ ಕಾಣಲ್ಲ? ಮುಳುಗ್ಸಿದೋರು ನೀವು. ಹೆತ್ತೋಳು ನಾನು!"

ಅವಳು ಆ ಖಾಲಿ ಜಾಗದಲ್ಲಿ ಕೂತು, ಚಾಕು ತಗೊಂಡು ಹಣ್ಣು ಸುಲಿಯತೊಡಗಿದಳು. ಮಾರನೆಯ ದಿನವೂ ಬಂದಳು. ಆಮೇಲೆ ವರ್ಷಗಟ್ಟಲೆ ಬಂದಳು. ಅವಳಿಗೆ ಏನೂ ಕಾಣಲಿಲ್ಲ. ಒಮ್ಮೊಮ್ಮೆ ಎಡಗೈ ಪಕ್ಕದ ಹಲಗೆ ಮಾತ್ರ ತಣ್ಣಗಾಗುತ್ತಿತ್ತು, ಹೊಳೆಯಿಂದ ಆಗಷ್ಟೇ ಎತ್ತಿಟ್ಟಂತೆ.

ಕೆಲಸ ಮುಗಿದ ಮೇಲೆ ಇನಾಬನ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಇವತ್ತು ಬಂದಿದ್ಲಾ?"

"ಬಂದಿದ್ದಳು. ನಿಮ್ಮನ್ನೇ ನೋಡ್ತಾ ಇದ್ದಳು."

ಸುಳ್ಳಿರಬಹುದು ಎಂದು ಅವಳಿಗೆ ಅನ್ನಿಸಿದ ದಿನಗಳಿದ್ದವು. ಆದರೆ ಮೀನಾಕ್ಷಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದುದನ್ನು ಅವನು ಒಮ್ಮೆ ಮಾಡಿ ತೋರಿಸಿದ. ಆ ಸಂಜೆ ಹುಲಿಯಮ್ಮ ಬಸ್ ಹತ್ತದೆ, ಅಳುತ್ತ ದಡದವರೆಗೂ ನಡೆದೇ ಹೋದಳು.

ಎಂಬತ್ನಾಲ್ಕರಲ್ಲಿ ಕಂಪನಿ ಕಾರ್ಖಾನೆಯನ್ನು ಮಾರಿತು. ಇನಾಬ ಹೊರಡಲೇಬೇಕಾಯಿತು. ಇಷ್ಟು ವರ್ಷ ಅವನ ಮುಖ ಕಂಡರೆ ಮೈ ಉರಿಯುತ್ತಿದ್ದ ಹುಲಿಯಮ್ಮ ಅವನ ಜೀಪಿಗೆ ಅಡ್ಡ ನಿಂತಳು.

"ನೀವು ಹೋದ್ರೆ ಅವಳ ಸುದ್ದಿ ನನಗೆ ಯಾರು ಹೇಳ್ತಾರೆ?"

"ಬರ್ತೇನೆ," ಎಂದ ಇನಾಬ.

ಮಾತಿಗೆ ತಪ್ಪಲಿಲ್ಲ. ಮರುವರ್ಷ ಜೂನಿನಲ್ಲಿ, ತಲೆ ಪೂರ್ತಿ ನೆರೆತು, ಅವಳ ಮನೆಯ ಜಗಲಿಗೆ ಬಂದು ಕೂತ. ಹೊಸ ಮಾಲೀಕರು ಹಳೆಯ ಮೇಜನ್ನು ಆಗಲೇ ಕಿತ್ತೆಸೆದಿದ್ದರು. ಹುಲಿಯಮ್ಮ ಅದನ್ನು ಹೇಳಿ, "ಇನ್ನೆಲ್ಲಿ ಕೂರ್ತದೆ ಅದು," ಎಂದಳು.

ಇನಾಬ ಕಾಫಿ ಲೋಟ ಕೆಳಗಿಟ್ಟ. "ಹುಲಿಯಮ್ಮ, ಜಪಾನಿಗೇ ಬಂದಿದ್ದಾಳೆ. ನನ್ನ ಮನೆಗೆ. ಅಡುಗೆಮನೆಯಲ್ಲಿ ಕೂರ್ತಾಳೆ."

ಹುಲಿಯಮ್ಮ ಹೊರಗೆ ನೋಡಿದಳು. ಗದ್ದೆಯಾಚೆ ಹಿನ್ನೀರು ಅಲುಗಾಡದೆ ಬಿದ್ದಿತ್ತು.

"ಅಷ್ಟು ದೂರ ಒಬ್ಬಳೇ ಬಂದ್ಳಾ?"

"ಹೌದು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಊಟ ಹಾಕ್ತೀರಾ ಅವಳಿಗೆ?"

"ದಿನಾ ಒಂದು ತಟ್ಟೆ ಇಡ್ತೇನೆ."

"ಅನ್ನ ಬಿಸಿ ಇರ್ಲಿ," ಎಂದಳು ಹುಲಿಯಮ್ಮ. "ತಣ್ಣಗಿದ್ರೆ ಮುಟ್ಟಲ್ಲ ಅದು."